ರಕ್ತ ಕೊಟ್ಟವರು ಯಾರು? ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಯೇಸುವಿನ ರಕ್ತ ಮತ್ತು ಪಾಪಪರಿಹಾರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಬಿಟ್ಟುಬಿಡಬಾರದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

"ಸಿಟ್ಟಾದ ದೇವರು ರಕ್ತ ಕಂಡು ತಣ್ಣಗಾದ" ಎಂದು ಶುರು ಮಾಡಿದ್ದೀರಿ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡ 17:11 ತೆಗೆದು ನಿಧಾನವಾಗಿ ಓದಿ. ಪ್ರಾಣ ಇರುವುದು ರಕ್ತದಲ್ಲಿ, ನಿಮ್ಮ ದೋಷಪರಿಹಾರಕ್ಕೆ ಅದನ್ನು ನಾನೇ ಕೊಟ್ಟಿದ್ದೇನೆ ಎನ್ನುತ್ತಾನೆ ದೇವರು. ಕೊಡುವವನು ಅವನೇ. ಅಲ್ಲಿ ರಕ್ತ ಅಂದರೆ ಜೀವ. ನಿಮ್ಮ ಎರಡು ಪುಟ ಮೊಳೆ, ಗಾಯಗಳ ವರ್ಣನೆಗೇ ಹೋಗಿದೆ. ಜೀವದ ಮಾತು ಒಂದು ಸಾಲೂ ಇಲ್ಲ. ನನಗೆ ಜಾಸ್ತಿ ಬೇಸರವಾದದ್ದು ಇಲ್ಲೇ.

ಇನ್ನು ಹೋತದ ವಿಷಯ. ಇಸ್ರಾಯೇಲ್ಯರ ಪಾಪಗಳಿಗಾಗಿ ವರ್ಷಕ್ಕೊಮ್ಮೆ ಬಲಿ ಕೊಡುತ್ತಿದ್ದ ದೋಷಪರಿಹಾರದ ದಿನ ಇರುವುದು ಎರಡು ಹೋತ. ನೀವು ಎರಡನ್ನೂ ಸೇರಿಸಿ ಒಂದು ಮಾಡಿದ್ದೀರಿ. ಒಂದನ್ನು ಕೊಯ್ದು, ಅದರ ರಕ್ತವನ್ನು ಮಹಾಯಾಜಕ ಗುಡಾರದ ಪರದೆಯ ಒಳಗೆ, ಅತಿ ಪವಿತ್ರ ಸ್ಥಳಕ್ಕೆ ಒಯ್ದು ಚಿಮುಕಿಸುತ್ತಾನೆ. ಜನರ ಪಾಪದಿಂದ ಮೈಲಿಗೆಯಾದ ಜಾಗ ಶುದ್ಧವಾಗಬೇಕು. ಪಾಪಗಳನ್ನು ಹೊರಿಸುವುದು ಇನ್ನೊಂದರ ತಲೆಯ ಮೇಲೆ. ಅದನ್ನು ಕೊಯ್ಯುವುದಿಲ್ಲ, ಜೀವಂತವಾಗಿ ಅಡವಿಗೆ ಬಿಡುತ್ತಾರೆ. "ಪಾಪ ಹೊತ್ತು ಸತ್ತ ಹೋತ" ಎಂಬ ನಿಮ್ಮ ಮಾತು ಹಾಗಾದರೆ ನಿಲ್ಲುವುದಿಲ್ಲ, ಅಲ್ವಾ?

"ರಕ್ತ ಸುರಿಯದೆ ಕ್ಷಮೆ ಇಲ್ಲ" ಎಂದು ಹೊಸ ಒಡಂಬಡಿಕೆಯ ಪತ್ರಿಕೆಯಾದ ಇಬ್ರಿಯರಿಗೆ 9:22 ಎತ್ತಿಕೊಂಡಿದ್ದೀರಿ. ಅದು ವಚನದ ಅರ್ಧ ಮಾತ್ರ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹೆಚ್ಚುಕಡಿಮೆ ಎಲ್ಲವೂ ರಕ್ತದಿಂದ ಶುದ್ಧವಾಗುತ್ತದೆ ಎಂಬುದು ಅದರ ಮೊದಲರ್ಧ. ಹೆಚ್ಚುಕಡಿಮೆ ಯಾಕೆ? ಯಾಜಕಕಾಂಡ 5:11 ನೋಡಿ. ಎರಡು ಪಾರಿವಾಳ ತರುವಷ್ಟೂ ಗತಿಯಿಲ್ಲದವನು ಒಂದಿಷ್ಟು ಹಿಟ್ಟು ತಂದರೆ ಸಾಕು. ಅವನಿಗೂ ಕ್ಷಮೆ ಉಂಟು. ಆ ಹಿಡಿ ಹಿಟ್ಟಿನ ಬಗ್ಗೆ ಬರೆಯಿರಿ, ದಯವಿಟ್ಟು.

"ಮೊದಲಿನಿಂದಲೂ ಎಲ್ಲ ಕ್ರೈಸ್ತರ ವಿವರಣೆ ಒಂದೇ" ಎಂಬ ಸಾಲು ತೆಗೆಯಿರಿ. ಕ್ರಿ.ಶ. 381ರಲ್ಲಿ ಸಭೆಯ ನಂಬಿಕೆಯನ್ನು ಸಾರಿದ ವಿಶ್ವಾಸ ಪ್ರಮಾಣ ಯೇಸು "ನಮಗಾಗಿ" ಶಿಲುಬೆಗೇರಿದ ಎನ್ನುತ್ತದೆ, ಅದರಿಂದ ಪಾಪಪರಿಹಾರ ಹೇಗಾಯಿತು ಎನ್ನುವುದಿಲ್ಲ. 1098ರ ಹೊತ್ತಿಗೆ ದೇವತಾಶಾಸ್ತ್ರಜ್ಞ ಆನ್ಸೆಲ್ಮ್ ಆ ಮರಣವನ್ನು ದೇವರ ಗೌರವದ ಬಾಕಿ ತೀರಿಸಿದ್ದು ಎಂದ. ನಮ್ಮ ಶಿಕ್ಷೆ ಯೇಸುವಿಗಾಯಿತು ಎಂಬ ವಿವರಣೆ ಗಟ್ಟಿಯಾದದ್ದು 16ನೇ ಶತಮಾನದಲ್ಲಿ, ಕ್ಯಾಲ್ವಿನ್ ಮುಂತಾದ ಸಭಾ ಸುಧಾರಕರಿಂದ.

ಕೊನೆಯ ಪುಟದಲ್ಲಿ ನಿಮ್ಮ ತಾಯಿ ಯೇಸುವಿನ ರಕ್ತದ ನೆನಪಿಗೆ ಕುಡಿಯುವ ಪ್ರಭುಭೋಜನದ ಬಟ್ಟಲು ನೋಡಿ ಹೆದರಿದ ನಿಮಗೆ ಹೇಳಿದ ಮಾತಿದೆ: "ಹೆದರಿಸೋಕಲ್ಲ ಮಗಾ, ನಮ್ಮನ್ನ ಮನೆಗೆ ಸೇರಿಸ್ಕೊಳ್ಳೋಕೆ." ಯೇಸು ಆ ಬಟ್ಟಲನ್ನು ಒಡಂಬಡಿಕೆಯ, ಅಂದರೆ ದೇವರು ಜನರೊಂದಿಗೆ ಮಾಡಿಕೊಂಡ ಸಂಬಂಧದ, ರಕ್ತ ಎಂದದ್ದೂ ಇದೇ ಅರ್ಥದಲ್ಲಿ. ಲೇಖನವನ್ನು ಅಮ್ಮನ ಈ ಮಾತಿನಿಂದಲೇ ಶುರು ಮಾಡಿ ಕಳಿಸಿ. ನಾನೇ ಓದುತ್ತೇನೆ.