ಹಲ್ಲು ಕೀಳಿಸಿದ ಅನಂತರದ ದವಡೆಯ ಬಿಗಿತ

ಹಾಸನದಲ್ಲಿ ಕೆಳದವಡೆಯ ಬುದ್ಧಿಹಲ್ಲು ತೆಗೆಸಿ ನಾಲ್ಕು ದಿನವಾದರೂ ಬಾಯಿ ಒಂದೇ ಬೆರಳಿನಷ್ಟು ತೆರೆಯುತ್ತಿದೆ, ಐಸ್ ಇಡುವುದನ್ನು ಮುಂದುವರಿಸಬೇಕೇ ಎಂದು ಕೇಳಿದ್ದೀರಿ. ಇನ್ನು ಐಸ್ ಬೇಡ. ಅದರಿಂದ ಪ್ರಯೋಜನವಾಗುವುದು ಮೊದಲ ಒಂದೆರಡು ದಿನ ಮಾತ್ರ. ಊತವು ಸಾಮಾನ್ಯವಾಗಿ 2–3ನೆಯ ದಿನ ಹೆಚ್ಚಾಗಿ ಅನಂತರ ಇಳಿಯುತ್ತದೆ. ಆದರೆ ಅಗಿಯುವ ಸ್ನಾಯುಗಳು ಶಸ್ತ್ರಚಿಕಿತ್ಸೆಯಿಂದಲೋ ಅರಿವಳಿಕೆಯ ಸೂಜಿಯಿಂದಲೋ ಕೆರಳಿ ಬಿಗಿದುಕೊಂಡಿರುವುದರಿಂದ ದವಡೆಯ ಬಿಗಿತವು 1–2 ವಾರ ಉಳಿಯಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಚರ್ಮ ಸುಡದಷ್ಟು ಆರಿಸಿಕೊಂಡು, ಕಿವಿಯ ಮುಂದಿನಿಂದ ದವಡೆಯ ಮೂಲೆಯವರೆಗೆ 15 ನಿಮಿಷ ಇಟ್ಟು, ಕೂಡಲೇ ಬಾಯಿಯನ್ನು ನೋವು ತಲೆದೋರುವ ಮಟ್ಟದವರೆಗೆ ಮೆಲ್ಲನೆ ತೆರೆದು, ಕೆಲವು ಕ್ಷಣ ಹಿಡಿದು ಬಿಡಿ. ಇದನ್ನು ದಿನಕ್ಕೆ ನಾಲ್ಕೈದು ಬಾರಿ ಮಾಡಿ, ಬಲವಂತವಾಗಿ ಅಗಲಿಸಬೇಡಿ.

ಊಟಕ್ಕೆ ಆರಿದ ಸಾರಿನೊಂದಿಗೆ ಮೆದುವಾದ ಮುದ್ದೆಯ ಚಿಕ್ಕ ತುತ್ತುಗಳು ಸಾಕು. ಅಗಿಯದೆ ನುಂಗುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಿಲ್ಲ. ಎಲೆಅಡಿಕೆ, ಬೀಡಿ, ಸಿಗರೇಟು ಸದ್ಯಕ್ಕೆ ಖಂಡಿತ ಬೇಡ.

ಇಳಿದ ಊತ ಮತ್ತೆ ಏರಿದರೆ, ಜ್ವರ ಬಂದರೆ, ಕೀವು ಕಂಡರೆ ಅಥವಾ ಕಿವಿಯವರೆಗೆ ಹರಿಯುವ ನೋವು ದಿನೇದಿನೇ ಹೆಚ್ಚಿದರೆ ಅಂದೇ ಹಲ್ಲು ತೆಗೆದ ವೈದ್ಯರನ್ನು ಕಾಣಿರಿ. ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರವಾಗಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.