ಜಾಮಿಟ್ರಿ ಬಾಕ್ಸಿನಲ್ಲಿದ್ದ ತೂಕದ ಚೀಟಿಗಳು

(ಹುಡುಗಿ ಮತ್ತು ತಾಯಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಕೋಲಾರದ ಹತ್ತಿರದ ಹಳ್ಳಿಯ ಹುಡುಗಿ. ವಯಸ್ಸು 15. 800 ಮೀಟರ್ ಓಡುತ್ತಾಳೆ. ತಾಯಿ ಅವಳನ್ನು ನನ್ನ ಹತ್ತಿರ ಕರೆತಂದದ್ದು ಊಟದ ವಿಷಯಕ್ಕಲ್ಲ. "ಮಾತೆತ್ತಿದ್ರೆ ಸಿಡುಕ್ತಾಳೆ ಮೇಡಂ, ರಾತ್ರಿ ನಿದ್ದೇನೂ ಮಾಡಲ್ಲ" ಅಂದರು.

ಮಾರ್ಚ್ ತಿಂಗಳ ಮಧ್ಯಾಹ್ನ. ಫ್ಯಾನ್ ಹಾಕಿದರೂ ನನಗೆ ಬೆವರು. ಹುಡುಗಿ ಮಾತ್ರ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಪೆನ್ನಿಗೆ ಅಂತ ಜಾಮಿಟ್ರಿ ಬಾಕ್ಸ್ ತೆಗೆದಾಗ ಒಳಗೆ ಬಸ್ ಸ್ಟ್ಯಾಂಡಿನ ತೂಕದ ಮಷಿನ್ನಿನ ಚೀಟಿಗಳು ಕಂಡವು. ನೀಟಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಕೆಳಗಿನ ಚೀಟಿಯಲ್ಲಿ 46 ಕಿಲೋ, ಮೇಲಿನದರಲ್ಲಿ 39.

ಕೋಚ್ ಒಂದು ಸಲ "ಸ್ವಲ್ಪ ಸಣ್ಣ ಆಗು, ಸ್ಪೀಡ್ ಬರುತ್ತೆ" ಅಂದಿದ್ದರಂತೆ. ಅಷ್ಟೇ. ಅವತ್ತಿಂದ ಮುದ್ದೆ ಬಂದ್. ಬೆಳಿಗ್ಗೆ ಬರೀ ಟೀ ಕುಡಿದು ಓಟ, ಶಾಲೆಯ ಊಟ ಗೆಳತಿಗೆ, ರಾತ್ರಿ ಅರ್ಧ ಚಪಾತಿ. ಮೊದಲು ಟೈಮಿಂಗ್ ಚೆನ್ನಾಗಿಯೇ ಬಂತು. ಮಕ್ಕಳು ಮೋಸ ಹೋಗುವುದು ಇಲ್ಲೇ. ಆಮೇಲೆ ಕಾಲು ಸೋತವು, ಮೊಣಕಾಲಿನ ಕೆಳಗೆ ಮೂಳೆ ನೋವು ಶುರುವಾಯಿತು.

ತಾಯಿಯನ್ನು ಹೊರಗೆ ಕೂರಿಸಿ ಮುಟ್ಟಿನ ಬಗ್ಗೆ ಕೇಳಿದೆ. "ನಾಲ್ಕು ತಿಂಗಳಿಂದ ಆಗಿಲ್ಲ. ಜಾಸ್ತಿ ಪ್ರಾಕ್ಟೀಸ್ ಮಾಡೋರಿಗೆ ಹಾಗೇ ಅಂತೆ" ಅಂದಳು.

ಈ ಮಾತನ್ನು ಎಷ್ಟು ಹುಡುಗಿಯರ ಬಾಯಲ್ಲಿ ಕೇಳಿದ್ದೇನೋ! ದಯವಿಟ್ಟು ನಂಬಬೇಡಿ. ಮೂರು ತಿಂಗಳು ಮುಟ್ಟು ನಿಂತರೆ ಡಾಕ್ಟರಿಗೆ ತೋರಿಸಲೇಬೇಕು. ಮನೆಯಲ್ಲಿ ದುಡ್ಡು ಸಾಲದಿದ್ದಾಗ ಹಬ್ಬದ ಖರ್ಚು ಮೊದಲು ನಿಲ್ಲಿಸ್ತೀವಿ ಅಲ್ವಾ? ಓಟಕ್ಕೆ ತಕ್ಕಷ್ಟು ಊಟ ಸಿಗದ ದೇಹವೂ ಹಾಗೇ ಮಾಡುತ್ತದೆ. ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಚಳಿ, ಸಿಡುಕು ಬರುತ್ತವೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು 'ರೆಡ್-ಎಸ್', ಅಂದರೆ ಆಟಕ್ಕೆ ತಕ್ಕಷ್ಟು ಶಕ್ತಿ ದೇಹಕ್ಕೆ ಸಿಗದ ಸ್ಥಿತಿ, ಅಂತ ಕರೆಯಿತು. ಹುಡುಗರಿಗೂ ಬರುತ್ತದೆ.

ಮೊದಲು ಲೇಡಿ ಡಾಕ್ಟರ್ ಹತ್ತಿರ ಕಳಿಸಿದೆ. ಬೇರೆ ಕಾಯಿಲೆ ಇರಲಿಲ್ಲ. ಹಿಮೋಗ್ಲೋಬಿನ್ 12 ಆದರೂ ಇರಬೇಕು, ಇವಳಿಗೆ 9.6 ಇತ್ತು. ಕಬ್ಬಿಣದ ಮಾತ್ರೆ ಕೊಟ್ಟು, ಆರು ವಾರ ಓಡಬೇಡ ಅಂದರು. ಅವತ್ತು ತುಂಬ ಅತ್ತಳು.

ತಾಯಿ ಎರಡು ಸಾವಿರದ ಪ್ರೋಟೀನ್ ಪೌಡರ್ ತರಲು ಹೊರಟಿದ್ದರು. ಬೇಡ ಅಂದೆ. ಮುದ್ದೆ ತಿನ್ನು ಅಂತ ಬಲವಂತ ಮಾಡೋದೂ ಬೇಡ, ಅದರ ಮೇಲೆ ಅವಳಿಗೆ ಭಯವಿದೆ. ಭಯವಿಲ್ಲದ್ದರಿಂದ ಶುರು ಮಾಡಿದೆವು. ಎದ್ದ ಮೇಲೆ ಬಾಳೆಹಣ್ಣು, ಸಂಜೆ ಹುರುಳಿಕಾಳು ಉಸ್ಲಿಗೆ ನಿಂಬೆಹಣ್ಣು ಹಿಂಡಿ, ಜೊತೆಗೊಂದು ಮೊಟ್ಟೆ. ನಿಂಬೆರಸ ಇದ್ದರೆ ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ, ಟೀ ಅದನ್ನು ತಡೆಯುತ್ತದೆ. ಅದಕ್ಕೇ ಟೀ ಊಟದಿಂದ ಒಂದು ಗಂಟೆ ದೂರ.

ಮೂರನೇ ವಾರ ಹುಡುಗಿಗೆ ಲೆಕ್ಕ ಹೇಳಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಹಾಲಿನಲ್ಲಿ ಸುಮಾರು 120. "ನೋಯ್ತಿರೋ ಮೂಳೆಗೆ ಬೇಕಾದ್ದು ಅದೇ ಪುಟ್ಟಾ." ಸುಮ್ನೆ ಕೇಳಿಸಿಕೊಂಡಳು. ಮುಂದಿನ ವಾರ ತಾಯಿಯೇ ಹೇಳಿದರು, ಬಸ್ಸಾರಿಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಇಟ್ಟುಕೊಂಡಳಂತೆ.

ಅವಳ ಒಪ್ಪಿಗೆ ಕೇಳಿ ಕೋಚ್ ಜೊತೆ ಮಾತಾಡಿದೆ. ಅವರು ಗಾಬರಿಯಾದರು, ಪಾಪ. ಮಕ್ಕಳೆದುರು ಮೈತೂಕದ ಮಾತು ಬೇಡ, ಸುಸ್ತು, ನೋವು ಇದೆಯಾ ಅಂತ ಕೇಳಿ ಅಂದೆ. ಮನೆಯವರಿಗೂ ಅದನ್ನೇ ಹೇಳಿದೆ. "ದಪ್ಪ ಆದೆ" ಅಂತಲೂ ಬೇಡ, "ಕಡ್ಡಿ ಆದೆ" ಅಂತಲೂ ಬೇಡ. ರಾತ್ರಿ ಎಲ್ಲರೂ ಜೊತೆಗೆ ಕೂತು ಉಣ್ಣಿ.

ಮುಟ್ಟು ಮತ್ತೆ ಬಂದದ್ದು ಐದನೇ ತಿಂಗಳು. ಬೆಳಿಗ್ಗೆ ಆರಕ್ಕೇ ತಾಯಿ ಫೋನ್ ಮಾಡಿದ್ದರು. ಆ ವರ್ಷದ ಸ್ಪರ್ಧೆಗಳು ತಪ್ಪಿದವು, ಅದರ ಬೇಜಾರು ಅವಳಿಗೆ ಇನ್ನೂ ಇದೆ. ಈಗ ನಿಧಾನವಾಗಿ ಓಡುತ್ತಾಳೆ. ಕೊನೆಯ ಸಲ ಬಂದಾಗ ಜಾಮಿಟ್ರಿ ಬಾಕ್ಸ್ ತಾನಾಗಿ ತೆರೆದು ತೋರಿಸಿದಳು. ಚೀಟಿ ಒಂದೇ ಉಳಿದಿತ್ತು. ಯಾವುದು ಅಂತ ನಾನು ಕೇಳಲಿಲ್ಲ.