ಲಾನ್ ಮೋವರ್‌ಗೆ ಎಣ್ಣೆ ಬದಲಿಸುವುದು ಯಾವಾಗ?

ಪ್ರಶ್ನೆ: ನಮ್ಮ ಶಾಲೆಯ ಮೈದಾನದ ಹುಲ್ಲು ಕತ್ತರಿಸಲು ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್ ಮೋವರ್ ಕೊಂಡು ವರ್ಷವಾಯಿತು. ಎಂಜಿನ್ ಆಯಿಲ್ ಕಡಿಮೆಯಾದಾಗ ಮೇಲಿಂದ ತುಂಬಿಸುತ್ತಿದ್ದೇವೆ. ಅಷ್ಟು ಸಾಲದೇ?
– ಓದುಗರೊಬ್ಬರು, ಹಾಸನ

ಉತ್ತರ: ಸಾಲದು. ಇಂತಹ ಪುಟ್ಟ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ಫಿಲ್ಟರ್ ಇರುವುದಿಲ್ಲವಾದ್ದರಿಂದ ಸವೆದ ಲೋಹದ ಕಣಗಳೂ ಮಸಿಯೂ ಎಣ್ಣೆಯಲ್ಲೇ ಉಳಿಯುತ್ತವೆ. ಹೊಸ ಎಣ್ಣೆ ಸುರಿದರೆ ಮಟ್ಟ ಏರುತ್ತದೆಯೇ ಹೊರತು ಕೊಳೆ ಹೋಗುವುದಿಲ್ಲ. ಹೊಸ ಯಂತ್ರದ ಎಣ್ಣೆಯನ್ನು ಮೊದಲ ಕೆಲವು ಗಂಟೆಗಳ ಬಳಕೆಯ ನಂತರವೂ, ಆಮೇಲೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆಯೂ ಬದಲಿಸಬೇಕು. ನಮ್ಮ ಹವೆಗೆ ಎಸ್‌ಎಇ 30 ದರ್ಜೆಯ (ಎಣ್ಣೆ ಎಷ್ಟು ಮಂದ ಎಂಬುದನ್ನು ಸೂಚಿಸುವ, ಡಬ್ಬಿಯ ಮೇಲಿರುವ ಗುರುತು) ಎಣ್ಣೆ ಹೊಂದುತ್ತದೆ. ಆದರೂ ಯಂತ್ರದ ಕೈಪಿಡಿಯ ಮಾತೇ ಅಂತಿಮ.

ಪೆಟ್ರೋಲ್ ಟ್ಯಾಂಕ್ ಬಹುಪಾಲು ಖಾಲಿಯಿರುವಾಗ ಎಂಜಿನನ್ನು ಕೆಲವು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ವೈರನ್ನು ಕಳಚಿಡಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಚಾಲೂ ಆಗುವ ಸಾಧ್ಯತೆ ಇರುವುದರಿಂದ ಈ ಹೆಜ್ಜೆಯಲ್ಲಿ ಉದಾಸೀನ ಸಲ್ಲದು. ಹಳೆಯ ಎಣ್ಣೆಯನ್ನು ಹೊರಸುರಿಯಲು ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಿರಬೇಕು, ಇಲ್ಲವಾದರೆ ಎಣ್ಣೆ ಅದರೊಳಗೆ ನುಗ್ಗುತ್ತದೆ. ಹೊಸ ಎಣ್ಣೆ ಹಿಡಿಯುವುದು ಸುಮಾರು ಅರ್ಧ ಲೀಟರ್ ಮಾತ್ರ. ಸಮತಟ್ಟಾದ ನೆಲದಲ್ಲಿಟ್ಟು ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿ) ನೋಡುತ್ತ ಸ್ವಲ್ಪಸ್ವಲ್ಪವೇ ಸುರಿಯಿರಿ, ಏಕೆಂದರೆ ಮಿತಿ ಮೀರಿದರೆ ಹೊಗೆ ಕಾರುತ್ತದೆ. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.